ಅಶ್ವತ್ಥಾಮನ ಮರಣವೂ ಸಿಸಿಫಸನ ಬಂಡೆಯೂ

ಅಸಂಗತ ದರ್ಶನವೆಂದೊಡನೆ ನಮ್ಮ ವಿಮರ್ಶಕರ ಮನಸ್ಸು ನವ್ಯಕಾಲದ ನಾಟಕಗಳ ಕಡೆಗೆ ಹರಿಯುವುದು ವಾಡಿಕೆ. ಮಾರ್ಟಿನ್ ಎಸ್ಲಿನನ ಗ್ರಂಥವು 1961ರಲ್ಲಿ ಪ್ರಕಟವಾದ ಮೇಲೆ ಆ ನಾಟಕಪ್ರಕಾರಕ್ಕೆ ಒಂದು ಹೆಸರು ನೆಲೆಗೊಂಡಿತು. ಕನ್ನಡದಲ್ಲಿಯೂ ಅದರ ಚರ್ಚೆ ಬೆಳೆಯಿತು. ಆದರೆ ಈ ದರ್ಶನದ ಮೂಲಪ್ರಶ್ನೆ, ಎಂದರೆ ಬಾಳಿಗೆ ಅರ್ಥವಿಲ್ಲವೆಂದು ತೋರಿದಾಗ ಬಾಳಬೇಕೆ ಬೇಡವೆ ಎಂಬುದು, ಅದಕ್ಕಿಂತ ಮೊದಲೇ ನಮ್ಮ ಸಾಹಿತ್ಯದಲ್ಲಿ ಬೇರೊಂದು ವೇಷದಲ್ಲಿ ಬಂದಿತ್ತು. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ನಾಟಕವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ರುದ್ರನಾಟಕಕ್ಕೆ ಸೊಫೊಕ್ಲಿಸನ ‘ಏಜಾಕ್ಸ್’ ಆಧಾರ. ಅಕಿಲೀಸನ ಆಯುಧಗಳು ತನಗೆ ಸಲ್ಲಲಿಲ್ಲವೆಂಬ ರೋಷದಿಂದ ಏಜಾಕ್ಸನು ಹಗೆಗಳನ್ನು ಕೊಲ್ಲಲು ಹೊರಡುತ್ತಾನೆ. ದೇವತೆಯು ಕವಿಸಿದ ಭ್ರಾಂತಿಯಲ್ಲಿ ದನಕುರಿಗಳನ್ನು ಕಡಿದುಹಾಕುತ್ತಾನೆ. ಅರಿವು ಮರಳಿದಾಗ ನಾಚಿಕೆಯನ್ನು ತಾಳಲಾರದೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ. ಶ್ರೀಯವರು ಈ ಕಥಾಬಂಧಕ್ಕೆ ಭಾರತದ ಅಶ್ವತ್ಥಾಮನನ್ನು ತಂದರು. ಪುರಾಣದ ಚಿರಂಜೀವಿಯು ಕನ್ನಡ ನಾಟಕದಲ್ಲಿ ಸ್ವಹಸ್ತದಿಂದ ಮಡಿದನು. ಪರಂಪರೆಗೆ ವಿರುದ್ಧವಾದ ಈ ಮಾರ್ಪಾಟನ್ನು ಔಚಿತ್ಯದ ದೃಷ್ಟಿಯಿಂದ ಆಕ್ಷೇಪಿಸಬಹುದು, ರುದ್ರನಾಟಕದ ನಿರ್ಬಂಧವೆಂದು ಸಮರ್ಥಿಸಬಹುದು. ಆದರೆ ಇದರ ತಾತ್ತ್ವಿಕ ಪರಿಣಾಮವೇನೆಂಬುದು ಬೇರೆಯೇ ಪ್ರಶ್ನೆ.

ಸೌಪ್ತಿಕಪರ್ವದ ಅಶ್ವತ್ಥಾಮನಿಗೆ ದೊರೆತ ಶಿಕ್ಷೆ ಸಾವಲ್ಲ, ಬದುಕು. ನಿದ್ರಿಸುತ್ತಿದ್ದವರನ್ನು ಕೊಂದವನು ತಲೆಯ ಮಣಿಯನ್ನು ಕಳೆದುಕೊಂಡು, ಮೂರು ಸಾವಿರ ವರ್ಷ ಯಾರ ಸಹವಾಸವೂ ಯಾರೊಡನೆ ಮಾತೂ ಇಲ್ಲದೆ ಅಲೆಯಬೇಕೆಂದು ಕೃಷ್ಣನು ಶಪಿಸುತ್ತಾನೆ. ಆಲ್ಬರ್ಟ್ ಕಾಮೂ 1942ರ ತನ್ನ ಪ್ರಬಂಧಕ್ಕೆ ಆರಿಸಿಕೊಂಡ ಗ್ರೀಕ್ ಪುರಾಣದ ಸಿಸಿಫಸನಿಗೂ ಇಂಥದೇ ಶಿಕ್ಷೆ: ಬಂಡೆಯನ್ನು ಬೆಟ್ಟದ ನೆತ್ತಿಗೆ ಉರುಳಿಸಬೇಕು, ಅದು ಮತ್ತೆ ಕೆಳಗುರುಳಬೇಕು, ಇದಕ್ಕೆ ಕೊನೆಯಿಲ್ಲ. ಆತ್ಮಹತ್ಯೆಯೇ ತತ್ತ್ವಶಾಸ್ತ್ರದ ಮೊದಲ ಸಮಸ್ಯೆಯೆಂದು ಆರಂಭಿಸುವ ಕಾಮೂ, ಅದು ಉತ್ತರವಾಗಲಾರದೆಂದು ನಿರ್ಣಯಿಸುತ್ತಾನೆ. ವಿಧಿಯನ್ನು ಕಣ್ಣೆತ್ತಿ ನೋಡಿ, ತಿಳಿದೂ ತಿಳಿದೂ ಮತ್ತೆ ಬಂಡೆಯ ಬಳಿಗೆ ಇಳಿಯುವುದರಲ್ಲೇ ಮನುಷ್ಯನ ಹಿರಿಮೆಯನ್ನು ಅವನು ಕಾಣುತ್ತಾನೆ. ಹೀಗೆ ನೋಡಿದರೆ ವ್ಯಾಸರ ಅಶ್ವತ್ಥಾಮನು ಸಿಸಿಫಸನ ಸಜಾತೀಯ. ಶ್ರೀಯವರ ಅಶ್ವತ್ಥಾಮನು ಏಜಾಕ್ಸನ ಸಜಾತೀಯ.

ಇಷ್ಟರಿಂದ ಕನ್ನಡ ನಾಟಕವನ್ನು ಅಸಂಗತ ನಾಟಕವೆಂದು ಕರೆಯುವುದು ಅವಸರದ ಮಾತಾದೀತು. ಏಜಾಕ್ಸನಿಗೆ ಅರ್ಥದ ಅಭಾವವಿಲ್ಲ; ಅರ್ಥದ ಅತಿಶಯವಿದೆ. ವೀರನ ಮಾನವೆಂಬುದು ಅವನಿಗೆ ಸಂಶಯಾತೀತ ಮೌಲ್ಯ. ಅದು ತನ್ನಿಂದಲೇ ಭಂಗವಾಯಿತೆಂದು ಅವನು ಸಾಯುತ್ತಾನೆ. ಕಾಮೂವಿನ ಮನುಷ್ಯನಿಗೆ ಅಂಥ ಆಸರೆಯೇ ಇಲ್ಲ. ಆದುದರಿಂದ ಶಾಪವನ್ನು ಕಳೆದು ಮರಣವನ್ನು ಕೊಟ್ಟಾಗ ಶ್ರೀಯವರು ಅಶ್ವತ್ಥಾಮನಿಗೆ ಘನತೆಯನ್ನು ಗಳಿಸಿಕೊಟ್ಟರು; ಅದೇ ಕ್ಷಣದಲ್ಲಿ ಮೂಲಕಥೆಯ ಅತ್ಯಂತ ಕಠಿಣವಾದ ಪ್ರಶ್ನೆಯನ್ನು ಕೈಬಿಟ್ಟರು. ರುದ್ರನಾಟಕವು ಗೆದ್ದಿತು; ಕೊನೆಯಿಲ್ಲದ ಬದುಕಿನ ಭೀಕರತೆ ರಂಗದ ಹೊರಗುಳಿಯಿತು.

ಇನ್ನು ರಸದ ವಿಚಾರ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಇಂಥ ಪ್ರಶ್ನೆಗಳನ್ನು ನಮ್ಮ ಪರಿಭಾಷೆಯಲ್ಲಿಯೇ ಕೇಳುವ ಧೈರ್ಯವನ್ನು ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕೊಟ್ಟ ಗ್ರಂಥ. ಅಸಂಗತದ ಅನುಭವವನ್ನು ನಿರ್ವೇದವೆಂದು ಕರೆದು, ಶಾಂತರಸದೊಳಗೆ ಸೇರಿಸಿಬಿಡುವುದು ಸುಲಭ. ಆದರೆ ಆಲಂಕಾರಿಕರು ನಿರ್ವೇದದಲ್ಲಿ ಎರಡು ಬಗೆಯನ್ನು ಎಣಿಸಿದ್ದಾರೆ: ತತ್ತ್ವಜ್ಞಾನದಿಂದ ಹುಟ್ಟಿದ್ದು ಸ್ಥಾಯಿ; ದಾರಿದ್ರ್ಯ, ಅವಮಾನ, ಇಷ್ಟವಿಯೋಗಗಳಿಂದ ಹುಟ್ಟಿದ್ದು ವ್ಯಭಿಚಾರಿ. ಸಿಸಿಫಸನ ನಿರ್ವೇದಕ್ಕೆ ಜ್ಞಾನವೇ ಕಾರಣ. ಆದರೂ ಅದು ಅವನನ್ನು ವಿರಕ್ತನನ್ನಾಗಿ ಮಾಡದೆ ಪುನಃ ಕೆಲಸಕ್ಕೆ ಹಚ್ಚುತ್ತದೆ. ಇಲ್ಲಿ ನಿರ್ವೇದವು ಬಂದುಹೋಗುವ ಭಾವ; ನೆಲೆನಿಲ್ಲುವುದು ಉತ್ಸಾಹ. ಉತ್ಸಾಹವು ವೀರದ ಸ್ಥಾಯಿಯಾದ್ದರಿಂದ, ಕಾಮೂವಿನ ಪ್ರಬಂಧವು ಜಯದ ಆಸೆಯಿಲ್ಲದ ಒಂದು ವೀರರಸವನ್ನು ಬಯಸುತ್ತದೆಂದು ಹೇಳಬಹುದು. ದಾನವೀರ, ಧರ್ಮವೀರ, ದಯಾವೀರ, ಯುದ್ಧವೀರರ ಸಾಲಿನಲ್ಲಿ ಇವನಿಗೆ ಹೆಸರಿಲ್ಲ.

ಹೆಸರಿಲ್ಲದ ಈ ವೀರನು ದಿನನಿತ್ಯದ ಬಾಳಿನಲ್ಲಿ ಸಿಗುತ್ತಾನೆಯೆ? ಇವರಿಬ್ಬರ ಹುಟ್ಟೂರುಗಳ ಸೀಮೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ತಿಪಟೂರಿನ ಉಂಡೆ ಕೊಬ್ಬರಿ ಸಿದ್ಧವಾಗುವ ಕ್ರಮವೇ ಪುನರಾವೃತ್ತಿಯ ಪಾಠ. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಸುಮಾರು ಒಂದು ವರ್ಷ. ಕೆಡವಿದ ಕಾಯಿ ಅಟ್ಟದ ಮೇಲೆ ಒಣಗಲು ಮತ್ತೆ ಹತ್ತು ಹನ್ನೆರಡು ತಿಂಗಳು. ಒಳಗಿನ ತಿರುಳು ಕರಟವನ್ನು ಬಿಟ್ಟು ಗುಡುಗುಡು ಸದ್ದು ಮಾಡಿದಾಗ ಸುಲಿದು, ಒಡೆದು, ಮಾರುಕಟ್ಟೆಗೆ ಒಯ್ಯಬೇಕು. ಅಲ್ಲಿಯ ಬೆಲೆ ಬೆಳೆಗಾರನ ಕೈಯಲ್ಲಿಲ್ಲ. 1990ರ ದಶಕದ ಕೊನೆಯಲ್ಲಿ ನುಸಿಪೀಡೆ ಬಂದಾಗ ಕಾಯಿಯ ಗಾತ್ರವೂ ಅವನ ಕೈಯಲ್ಲಿರಲಿಲ್ಲ. ಆದರೂ ಅವನು ಹೊಸ ಸಸಿಯನ್ನು ನೆಡುತ್ತಾನೆ. ಎತ್ತರದ ತಳಿಯ ಆ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಮುಂದೆ ಅದು ನೆಟ್ಟವನ ಆಯುಸ್ಸನ್ನೂ ಮೀರಿ ನಿಲ್ಲಬಹುದು.

ಈ ಬೆಳೆಗಾರನನ್ನು ಸಿಸಿಫಸನೆಂದು ಹೊಗಳುವುದು ಅವನ ಸಾಲವನ್ನೂ ಬೆಲೆಯ ಅನ್ಯಾಯವನ್ನೂ ವಿಧಿಯ ಖಾತೆಗೆ ಬರೆದಂತೆ. ಬಂಡೆಯ ಭಾರ ದೇವತೆಗಳ ಕೃತ್ಯ. ಕೊಬ್ಬರಿಯ ಬೆಲೆ ಮನುಷ್ಯರದು, ತಿದ್ದಬಹುದಾದದ್ದು. ಆದರೆ ಹೋಲಿಕೆ ಸೋಲುವ ಇನ್ನೊಂದು ಸ್ಥಳವು ಹೆಚ್ಚು ಬೋಧಕವಾಗಿದೆ. ಸಿಸಿಫಸನ ಬಂಡೆಗೆ ಉತ್ತರಾಧಿಕಾರಿಯಿಲ್ಲ. ತೆಂಗಿನ ಸಸಿಗೆ ಇದ್ದಾನೆ. ಅಜ್ಜ ನೆಟ್ಟದ್ದನ್ನು ಕೆಡವುವವನು ತಾನು ನೆಟ್ಟದ್ದನ್ನು ಮೊಮ್ಮಗನಿಗೆ ಬಿಡುತ್ತಾನೆ. ಕೆಲಸದ ಪುನರಾವೃತ್ತಿ ಎರಡೆಡೆಯೂ ಒಂದೇ. ಒಂಟಿತನ ಮಾತ್ರ ಒಂದೆಡೆ.

ಈ ಬೆಳಕಿನಲ್ಲಿ ಮೂವರು ನಾಯಕರನ್ನು ಪುನಃ ನೋಡಿದರೆ, ಸಾಯುವವನಿಗೂ ಸಾಯಲಾರದವರಿಗೂ ಸಮಾನವಾದುದು ಏಕಾಕಿತ್ವವೆಂದು ಕಾಣುತ್ತದೆ. ಏಜಾಕ್ಸನನ್ನು ನಾಚಿಕೆ ಒಂಟಿಯಾಗಿಸಿತು, ಅಶ್ವತ್ಥಾಮನನ್ನು ಶಾಪ, ಸಿಸಿಫಸನನ್ನು ದಂಡನೆ. ವ್ಯಾಸರ ಶಾಪದಲ್ಲಿ ವರ್ಷಗಳ ಎಣಿಕೆಗಿಂತ ಘೋರವಾದುದು ಮಾತಿಗೆ ಯಾರೂ ಇಲ್ಲದಿರುವುದು. ಕಾಮೂ ಕೂಡ 1947ರ ‘ಪ್ಲೇಗ್’ ಕಾದಂಬರಿಯಲ್ಲಿ ಬೆಟ್ಟದ ಒಂಟಿ ಕೂಲಿಯನ್ನು ಬಿಟ್ಟು, ರೋಗಪೀಡಿತ ಊರಿನಲ್ಲಿ ಇತರರೊಡನೆ ದುಡಿಯುವ ವೈದ್ಯನನ್ನು ಚಿತ್ರಿಸಿದನು. ಗೆಲುವು ಅಲ್ಲಿಯೂ ಶಾಶ್ವತವಲ್ಲ. ಆದರೆ ದುಡಿಮೆಗೆ ಜೊತೆಯಿದೆ.

ಆದುದರಿಂದ ನಿತ್ಯದ ಕೆಲಸ ಮರುಕಳಿಸುತ್ತದೆಂಬ ಕಾರಣದಿಂದಲೇ ಬಾಳು ಅರ್ಥಹೀನವೆಂಬ ವಾದ ನಿಲ್ಲುವುದಿಲ್ಲ. ಅರ್ಥವು ಕೆಡುವುದು ಆ ಕೆಲಸವನ್ನು ಯಾರಿಂದಲೂ ಪಡೆಯದೆ, ಯಾರಿಗೂ ಒಪ್ಪಿಸದೆ ಮಾಡಬೇಕಾದಾಗ. ಶಾಪಗ್ರಸ್ತನಾಗಿ ಅಲೆಯುವ ಅಶ್ವತ್ಥಾಮನು ಯಾರಾದರೊಬ್ಬರೊಡನೆ ಮಾತನಾಡುವ ನಾಟಕ ಕನ್ನಡದಲ್ಲಿ ಬರೆಯಲು ಇನ್ನೂ ಎಡೆಯಿದೆ. ‘ಅಶ್ವತ್ಥಾಮನ್’ ಆ ಎಡೆಯನ್ನು ನಮಗೆ ತೋರಿಸಿಕೊಟ್ಟಿತೆಂಬುದು ಅದರ ಹಿರಿಮೆಗೆ ಕುಂದಲ್ಲ.