ಉತ್ತರಕಥೆಯೂ ಲೋಕರಕ್ಷಣೆಯೂ: ‘ಪ್ರಿನ್ಸ್ ಕ್ಯಾಸ್ಪಿಯನ್’ ಎಂಬ ಬಾಲಕಥೆಯ ವಿಮರ್ಶೆ

ಪೂರ್ವಕಥೆಯು ಮಂಗಳದಲ್ಲಿ ಮುಗಿದ ಬಳಿಕ ಉತ್ತರಕಥೆಗೆ ಎಡೆಯೆಲ್ಲಿ ಎಂಬ ಪ್ರಶ್ನೆಯು ಕನ್ನಡಕ್ಕೆ ಹೊಸದಲ್ಲ. ಲಕ್ಷ್ಮೀಶನ ಜೈಮಿನಿ ಭಾರತವು ಕುರುಕ್ಷೇತ್ರದ ಯುದ್ಧವು ತೀರಿದ ಮೇಲಣ ಅಶ್ವಮೇಧದ ಕಥೆ. ಗೆದ್ದವರ ಮನಸ್ಸಿನಲ್ಲಿ ಉಳಿದ ಪಾಪಭೀತಿಯೇ ಅದರ ಬೀಜ. ಹೀಗೆ ಮೊದಲಿನ ಗೆಲವು ಉಳಿಸಿಹೋದ ಶೇಷದಿಂದ ಹುಟ್ಟಿದ ಉತ್ತರಕಥೆಯು ಸಾರ್ಥಕವಾಗುತ್ತದೆ. ಹಳೆಯ ಶತ್ರುವಿನ ಸ್ಥಾನದಲ್ಲಿ ಮತ್ತೊಬ್ಬನನ್ನು ನಿಲ್ಲಿಸಿ ಹೆಣೆದುದು ಬರಿಯ ಪುನರುಕ್ತಿಯಾಗುತ್ತದೆ. ಸಿ. ಎಸ್. ಲೂಯಿಸನು ಮಕ್ಕಳಿಗಾಗಿ ಬರೆದು 1951ರಲ್ಲಿ ಪ್ರಕಟವಾದ ‘ಪ್ರಿನ್ಸ್ ಕ್ಯಾಸ್ಪಿಯನ್’ ಎಂಬ ಅದ್ಭುತಕಥೆಯನ್ನು ಈ ಒರೆಗಲ್ಲಿಗೆ ಹಚ್ಚಿ ನೋಡತಕ್ಕುದು. ಲೋಕವನ್ನು ಕಾಯುವುದೆಂದರೇನು ಎಂಬಲ್ಲಿ ಈ ಗ್ರಂಥವು ಕೊಡುವ ಉತ್ತರವು, ಕೆರೆಕಟ್ಟೆಗಳಿಂದ ಬದುಕುವ ಕುಣಿಗಲ್ ಸೀಮೆಯಂಥ ನಾಡಿನಲ್ಲಿ ಓದುವವರಿಗೆ ಎಷ್ಟುಮಟ್ಟಿಗೆ ಒಪ್ಪಿತವಾದೀತೆಂಬುದೂ ವಿಚಾರಾರ್ಹವಾಗಿದೆ.

1950ರ ಪೂರ್ವಕಥೆಯಲ್ಲಿ ನಾಲ್ವರು ಒಡಹುಟ್ಟಿದವರು ನಾರ್ನಿಯಾ ಎಂಬ ಲೋಕವನ್ನು ಮಾಟಗಾತಿಯ ಚಳಿಗಾಲದಿಂದ ಬಿಡಿಸಿ ಅಲ್ಲಿ ಅರಸರಾಗಿದ್ದರು. ಉತ್ತರಕಥೆಯಲ್ಲಿ, ಒಂದು ವರ್ಷ ಕಳೆದ ಮೇಲೆ, ರೈಲು ನಿಲ್ದಾಣದಲ್ಲಿ ಕುಳಿತಿದ್ದ ಅವರನ್ನು ಅದೃಶ್ಯಶಕ್ತಿಯೊಂದು ಮತ್ತೆ ಅಲ್ಲಿಗೆ ಸೆಳೆಯುತ್ತದೆ. ಆ ಲೋಕದಲ್ಲಾದರೋ ಅಷ್ಟರೊಳಗೆ ನೂರಾರು ವರ್ಷಗಳು ಉರುಳಿವೆ. ಟೆಲ್ಮಾರಿನಿಂದ ಬಂದವರು ನಾಡನ್ನು ಗೆದ್ದಿದ್ದಾರೆ, ಮಾತಾಡುವ ಪ್ರಾಣಿಗಳು ಅಡಗಿಕೊಂಡಿವೆ, ಮರಗಳು ನಿದ್ರೆಹೋಗಿವೆ. ರಾಜ್ಯವನ್ನು ಕಸಿದುಕೊಂಡ ಮಿರಾಜನು ಹಳೆಯ ಕಥೆಗಳನ್ನು ಹೇಳುವುದನ್ನೂ ಸಹಿಸನು. ನ್ಯಾಯವಾದ ಉತ್ತರಾಧಿಕಾರಿಯಾದ ಬಾಲಕ ಕ್ಯಾಸ್ಪಿಯನನು ಆ ಕಥೆಗಳನ್ನು ಕೇಳಿದುದು ದಾದಿಯ ಬಾಯಿಂದ; ಅದು ತಿಳಿದೊಡನೆ ಆಕೆಯನ್ನು ಅರಮನೆಯಿಂದ ಹೊರಗೆ ಕಳುಹಿಸಲಾಗುತ್ತದೆ.

ಈ ಕಥೆಯಲ್ಲಿ ಲೋಕಕ್ಕೆ ಒದಗಿದ ಅಪಾಯವು ವಿಸ್ಮೃತಿ. ಮಿರಾಜನು ಅದರ ಕಾವಲುಗಾರನು ಮಾತ್ರ. ಮಕ್ಕಳು ಪಾಳುಗೋಡೆಗಳ ನಡುವೆ ಚಿನ್ನದ ಚದುರಂಗದ ಕುದುರೆಯೊಂದನ್ನು ಕಂಡು, ಇದು ತಾವೇ ಆಳಿದ ಅರಮನೆಯೆಂದು ಗುರುತಿಸುವ ಪ್ರಸಂಗವು ಗ್ರಂಥದಲ್ಲಿಯೇ ಶ್ರೇಷ್ಠವಾದುದು. ತಮ್ಮ ಗೆಲವೂ ಮಣ್ಣಾಗಬಲ್ಲುದೆಂಬ ಅರಿವು ಬಾಲವಾಚಕನಿಗೆ ಉಪದೇಶವಿಲ್ಲದೆಯೇ ಉಂಟಾಗುತ್ತದೆ. ಹತಾಶನಾದ ನಿಕಬ್ರಿಕನೆಂಬ ಕುಬ್ಜನು ಹಳೆಯ ಮಾಟಗಾತಿಯನ್ನೇ ನೆರವಿಗೆ ಕರೆಯಬೇಕೆನ್ನುವಲ್ಲಿಯೂ ಇದೇ ವಿಷಯವು ಬೇರೊಂದು ಮುಖದಿಂದ ತೋರುತ್ತದೆ: ಪೂರ್ವದ ಕೇಡನ್ನು ಮರೆತವನು ಅದನ್ನೇ ಆಶ್ರಯಿಸುತ್ತಾನೆ. ಇಷ್ಟರಮಟ್ಟಿಗೆ ಲೂಯಿಸನ ಉತ್ತರಕಥೆಯು ತನ್ನ ಅಸ್ತಿತ್ವವನ್ನು ಸಮರ್ಥಿಸಿಕೊಂಡಿದೆ.

ಆಕ್ಷೇಪಕ್ಕೆ ಎಡೆಯಿರುವುದು ಬಿಡುಗಡೆಯ ಚಿತ್ರದಲ್ಲಿ. ಸಿಂಹರೂಪನಾದ ಆಸ್ಲಾನನು ಬೆರೂನಾ ಎಂಬಲ್ಲಿಗೆ ಬಂದಾಗ ನದೀದೇವತೆಯು ನೀರಿನಿಂದ ತಲೆಯೆತ್ತಿ ತನ್ನ ಸಂಕೋಲೆಯನ್ನು ಕಳಚಬೇಕೆಂದು ಬೇಡುತ್ತಾನೆ. ಆ ಸಂಕೋಲೆಯೆಂದರೆ ಸೇತುವೆ. ಬಳ್ಳಿಗಳು ಹಬ್ಬಿ ಸೇತುವೆಯು ಕುಸಿಯುತ್ತದೆ. ಸೋತು ಓಡಿಬಂದ ಸೈನ್ಯವು ಅದಿಲ್ಲದುದನ್ನು ಕಂಡು ಶರಣಾಗುತ್ತದೆ. ಕಥೆಯ ತರ್ಕಕ್ಕೆ ಇದು ಹೊಂದುತ್ತದೆ, ಏಕೆಂದರೆ ಗೆದ್ದುಬಂದ ಜನರು ನೀರಿಗೂ ಕಾಡಿಗೂ ಅಂಜುವವರು. ಪೂರ್ವಕಥೆಯ ಕಾಲದಲ್ಲಿ ಅಲ್ಲಿ ಇದ್ದುದು ಹಾಯ್ಗಡ ಮಾತ್ರ. ಆದರೂ ಆ ಸೇತುವೆಯ ಮೇಲೆ ಸಂತೆಗೆ ಹೋಗುತ್ತಿದ್ದವರು ಯಾರು, ಮರುದಿನ ಅವರು ಹೇಗೆ ದಾಟಿದರು ಎಂಬುದನ್ನು ಗ್ರಂಥವು ಕೇಳುವುದಿಲ್ಲ. ಮನುಷ್ಯನು ಕಟ್ಟಿದುದು ಹೋದರೆ ಲೋಕವು ಉಳಿಯಿತೆಂಬ ಭಾವವು ಇಲ್ಲಿ ಪರೀಕ್ಷೆಗೊಳಗಾಗದೆ ಉಳಿದಿದೆ.

ಕುಣಿಗಲ್ ತಾಲ್ಲೂಕಿನ ಓದುಗನು ನಿಲ್ಲುವುದು ಇಲ್ಲಿಯೇ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಶಿಂಷಾ ನದಿಗೆ ಆ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟು ಇದೆ. ಅಂಥ ಬಯಲುಸೀಮೆಯಲ್ಲಿ ಹರಿಯುವ ನೀರನ್ನು ತಡೆದು ನಿಲ್ಲಿಸಿದುದೇ ಲೋಕರಕ್ಷಣೆ. ಕುಣಿಗಲ್ ಕೆರೆಯನ್ನು ಹೊಗಳುವ ಜನಪದಗೀತವು ಕಟ್ಟಿದ ನೀರಿನ ಚೆಲುವನ್ನೇ ಹಾಡುತ್ತದೆ. ಹಾಗೆಂದು ಕನ್ನಡದ ಕಲ್ಪನೆಯು ಕಟ್ಟೆಯ ಬೆಲೆಯನ್ನು ಮರೆತಿಲ್ಲ. ‘ಕೆರೆಗೆ ಹಾರ’ದ ಕಥನಗೀತದಲ್ಲಿ ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡಲಾಗುತ್ತದೆ, ಊರು ಉಳಿಯುತ್ತದೆ, ಆಕೆಯ ಗಂಡನೂ ಅದೇ ಕೆರೆಗೆ ಹಾರುತ್ತಾನೆ. ಉಳಿದವರಾರು, ಅಳಿದವರಾರು ಎಂಬ ಲೆಕ್ಕವನ್ನು ಆ ಗೀತವು ಮುಚ್ಚಿಡುವುದಿಲ್ಲ. ಲೂಯಿಸನ ನದೀಪ್ರಸಂಗದಲ್ಲಿ ಕೊರತೆಯಾಗಿರುವುದು ಈ ಲೆಕ್ಕವೇ.

ಕಟ್ಟು, ಬಿಡುಗಡೆಗಳೆರಡೇ ದಾರಿಗಳೆಂದೂ ತಿಳಿಯಬೇಕಾಗಿಲ್ಲ. ಮಾರ್ಕೋನಹಳ್ಳಿಯ ಅಣೆಕಟ್ಟಿನಲ್ಲಿ ಸೈಫನ್ನುಗಳ ಏರ್ಪಾಡುಂಟು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ, ಬಾಗಿಲೆತ್ತುವವರಿಲ್ಲದೆಯೇ, ಹೆಚ್ಚಿನ ನೀರು ತಾನಾಗಿ ಹೊರಗೆ ಹರಿಯುತ್ತದೆ. ನದಿಯ ವೇಗವನ್ನು ಒಪ್ಪಿಕೊಂಡೇ ಅದನ್ನು ಹಿಡಿದಿಡುವ ಇಂಥ ಕಟ್ಟಡವನ್ನು ಬಲ್ಲ ಬಾಲಕನು ಬೆರೂನಾದ ಸೇತುವೆಗೆ ಬೇರೊಂದು ಗತಿಯನ್ನು ಊಹಿಸಬಲ್ಲನು.

ಈ ನ್ಯೂನತೆಯಿಂದ ಗ್ರಂಥದ ಬೆಲೆಯು ಕುಗ್ಗುವುದಿಲ್ಲ. ಮರೆವಿನ ವಿರುದ್ಧ ದಾದಿಯ ಕಥೆಯನ್ನು ನಿಲ್ಲಿಸಿದ ಉತ್ತರಕಥೆಯು ಅಜ್ಜಿಯ ಕಥೆಗಳ ನಾಡಿನಲ್ಲಿ ಆದರಕ್ಕೆ ಪಾತ್ರವಾದುದೇ. ಆದರೆ ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಓದಿಸುವಾಗ ‘ಕೆರೆಗೆ ಹಾರ’ವನ್ನೂ ಜೊತೆಗಿಟ್ಟುಕೊಂಡು, ಸೇತುವೆಯು ಬಿದ್ದ ಮರುದಿನ ಊರವರು ಏನು ಮಾಡಿದರೆಂದು ವಿದ್ಯಾರ್ಥಿಗಳನ್ನು ಕೇಳುವುದು ಯುಕ್ತವಾಗಿದೆ.