ಎರಡೂ ಕೈ ತಂತಿಯ ಮೇಲಿರುವಾಗ

ಗಿಟಾರ್ ನುಡಿಸುವವರ ಎರಡೂ ಕೈಗೆ ಬಿಡುವಿರುವುದಿಲ್ಲ. ಎಡಗೈ ಫ್ರೆಟ್‌ಗಳ ನಡುವೆ ತಂತಿ ಒತ್ತಿ ಹಿಡಿದಿರುತ್ತದೆ, ಬಲಗೈ ಮೀಟುತ್ತಿರುತ್ತದೆ. ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವ ತಂತ್ರಾಂಶ ಬರೆಯುವವರಲ್ಲಿ ಎಷ್ಟೋ ಮಂದಿಗೆ ಇಷ್ಟು ಸಣ್ಣ ಸಂಗತಿ ನೆನಪಿರುವುದಿಲ್ಲ. ಶುರು ಮಾಡಲು ಮೌಸ್ ಬೇಕು, ನಿಲ್ಲಿಸಲೂ ಮೌಸ್ ಬೇಕು. ಕೊನೆಯ ಕಾರ್ಡ್ ಇನ್ನೂ ಮೊಳಗುತ್ತಿರುವಾಗಲೇ ಕೈ ಎತ್ತಬೇಕು.

ಆ ಕೊನೆಯ ಕಾರ್ಡಿನಲ್ಲಿ ಎಷ್ಟೊಂದು ನಡೆಯುತ್ತಿರುತ್ತದೆ! ಮೀಟಿದ ಕ್ಷಣದ ಹೊಳಪು ಮೊದಲು ಹೋಗುತ್ತದೆ, ಏಕೆಂದರೆ ಮೇಲಿನ ಸ್ವರಾಂಶಗಳು ಬೇಗ ಸಾಯುತ್ತವೆ. ತೆಳು ತಂತಿಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಕಡೆಗೆ ದಪ್ಪ ತಂತಿಯ ದುಂಡು ನಾದವೊಂದೇ ಉಳಿದು, ಮರದ ಪೆಟ್ಟಿಗೆಯೊಳಗೆ ಒಂದಷ್ಟು ಹೊತ್ತು ಓಡಾಡುತ್ತದೆ. ನನ್ನ ಮೊದಲ ಬಯಕೆ ಇದಕ್ಕೇ ಸಂಬಂಧಿಸಿದ್ದು: ನಾದ ಪೂರ್ತಿ ಆರಿ, ಕೋಣೆಯ ಸಹಜ ಸದ್ದಷ್ಟೇ ಉಳಿದ ಮೇಲೆ ತಂತ್ರಾಂಶ ತಾನಾಗಿ ನಿಲ್ಲಲಿ. ಶುರು ಮಾಡಲು ಕಾಲಿಗೊಂದು ಪೆಡಲ್ ಇರಲಿ.

ಕೋಣೆಯ ಸಹಜ ಸದ್ದು ಎಂದೆ. ಕಾರಿಮಂಗಲದಲ್ಲಿ ಅದು ಅಷ್ಟೇನೂ ಸಣ್ಣದಲ್ಲ. ಕೃಷ್ಣಗಿರಿಗೂ ಧರ್ಮಪುರಿಗೂ ನಡುವೆ, 44ನೇ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ನಮ್ಮ ಊರು. ಬೆಂಗಳೂರಿನಿಂದ ಸೇಲಂ ಕಡೆ ಇಳಿಯುವ ಲಾರಿಗಳು ರಾತ್ರಿಯಿಡೀ ಹಾಯುತ್ತವೆ. ಮಂಗಳವಾರದ ಸಂತೆಗೆ ಆಡು, ದನ, ತೆಂಗಿನಕಾಯಿ ಹೊತ್ತ ಗಾಡಿಗಳು ನಸುಕಿಗೇ ಬಂದಿರುತ್ತವೆ. ಬೆಟ್ಟದ ಮೇಲಿನ ಅರುಣೇಶ್ವರನ ಗುಡಿಯಲ್ಲಿ ವಿಶೇಷವಿದ್ದರೆ ಧ್ವನಿವರ್ಧಕವೂ ಸೇರಿಕೊಳ್ಳುತ್ತದೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಕಿಟಕಿಯಾಚೆ ಏರ್ ಹಾರ್ನ್. ಕಿಟಕಿಗೆ ರಜಾಯಿ ತೂಗುಹಾಕಿ, ಕದದ ಸಂದಿಗೆ ಗೋಣಿಚೀಲ ತುರುಕಿ ಕೂತರೂ ಒಂದೆರಡು ಲಾರಿ ಟ್ರ್ಯಾಕಿನೊಳಗೆ ಬಂದೇ ಬರುತ್ತವೆ. ಸ್ಟುಡಿಯೋದವರಿಗೆ ಇದು ದೋಷ. ನನಗೆ ಆ ಮುದ್ರಿಕೆಯ ಊರು ಯಾವುದೆಂಬ ಗುರುತು.

ಮನೆಯಲ್ಲೇ ಪದರದ ಮೇಲೆ ಪದರ ನುಡಿಸಿ ಕೇಳುವ ಸುಖ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಹಾಲಿವುಡ್ಡಿನ ತನ್ನ ಮನೆಯ ಗ್ಯಾರೇಜಿನಲ್ಲಿ ಕೂತು, ಒಂದು ಡಿಸ್ಕಿನಲ್ಲಿದ್ದುದನ್ನು ಕೇಳುತ್ತಾ ಅದರ ಮೇಲೆ ನುಡಿಸಿ ಇನ್ನೊಂದು ಡಿಸ್ಕಿಗೆ ಇಳಿಸುತ್ತಿದ್ದ. 1948ರಲ್ಲಿ ಬಂದ ಅವನ ‘ಲವರ್’ ಮುದ್ರಿಕೆಯಲ್ಲಿ ಕೇಳುವ ಗಿಟಾರ್‌ಗಳೆಲ್ಲ ಅವನವೇ. ಪ್ರತಿ ಪದರಕ್ಕೂ ಹಿಂದಿನದು ಸ್ವಲ್ಪ ಮಸುಕಾಗುತ್ತಿತ್ತು. ಹಾಗಾಗಿ ಮುಖ್ಯವಲ್ಲದ್ದನ್ನು ಮೊದಲು ನುಡಿಸಿ, ಎದ್ದು ಕೇಳಬೇಕಾದ್ದನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ನಡುವೆ ತಪ್ಪಿದರೆ ಮತ್ತೆ ಮೊದಲಿಂದ.

1979ರಲ್ಲಿ ಜಪಾನಿನ ಟಿಯಾಕ್ ಕಂಪನಿ ಸಾಮಾನ್ಯ ಕ್ಯಾಸೆಟ್ ಮೇಲೆ ನಾಲ್ಕು ಟ್ರ್ಯಾಕ್ ಮುದ್ರಿಸುವ ‘ಪೋರ್ಟಾಸ್ಟುಡಿಯೋ 144’ ತಂದಿತು. 1982ರ ಜನವರಿಯಲ್ಲಿ ಅಮೆರಿಕದ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಆ ಯಂತ್ರವನ್ನು ಮಲಗುವ ಕೋಣೆಯಲ್ಲಿಟ್ಟುಕೊಂಡು, ಬ್ಯಾಂಡಿನವರಿಗೆ ಕೇಳಿಸಲೆಂದು ಕೆಲವು ಹಾಡುಗಳನ್ನು ಹಿಡಿದಿಟ್ಟ. ಆಮೇಲೆ ಸ್ಟುಡಿಯೋದಲ್ಲಿ ಬ್ಯಾಂಡ್ ಕೂಡಿಸಿ ನುಡಿಸಿದರೂ ಆ ಕ್ಯಾಸೆಟ್ಟಿನ ಗುಣ ಬರಲಿಲ್ಲ. ಕೊನೆಗೆ ಕ್ಯಾಸೆಟ್ಟೇ ‘ನೆಬ್ರಾಸ್ಕ’ ಎಂಬ ಆಲ್ಬಮ್ ಆಯಿತು. ಅದನ್ನು ಕೇಳುವಾಗ ಹಾಡುಗಾರ ಎದುರಿನ ಕುರ್ಚಿಯಲ್ಲಿ ಕೂತಿದ್ದಾನೆ ಅನ್ನಿಸುತ್ತದೆ.

ಆಮೇಲೆ ಕಂಪ್ಯೂಟರಿನ ತಂತ್ರಾಂಶಗಳು: ಆಡಾಸಿಟಿ 2000ದಲ್ಲಿ ಪುಕ್ಕಟೆಯಾಗಿ ಬಂತು, ಆ್ಯಪಲ್‌ನವರ ಗ್ಯಾರೇಜ್‌ಬ್ಯಾಂಡ್ 2004ರಲ್ಲಿ ಬಂತು. ಈಗ ಯಾವ ಪದರವೂ ಮಸುಕಾಗುವುದಿಲ್ಲ. ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ಆದರೂ ಒಂದು ನುಡಿಸಾಣಿಕೆ ಕೈತಪ್ಪುತ್ತಲೇ ಇರುತ್ತದೆ: ರೆಕಾರ್ಡ್ ಒತ್ತುವ ಮೊದಲು, ಬೆರಳು ಸಡಿಲಿಸಲೆಂದು ಸುಮ್ಮನೆ ನುಡಿಸಿದ್ದು. ಕೆಂಪು ದೀಪ ಹತ್ತಿದ ಕೂಡಲೇ ಬೆರಳು ಬಿಗಿಯುತ್ತದೆ. ಪಕ್ಕದಲ್ಲಿ ಹೋಂವರ್ಕ್ ಬರೆಯುತ್ತಾ ಕೂತ ಅಕ್ಕನ ಮಗ ಒಮ್ಮೆ ತಲೆ ಎತ್ತದೆಯೇ ಕೇಳಿದ: “ಮಾಮಾ, ಆಗ ನುಡಿಸಿದ್ದೇ ಚೆನ್ನಾಗಿತ್ತಲ್ಲ, ಅದನ್ಯಾಕೆ ಹಿಡ್ಕೊಳ್ಲಿಲ್ಲ?”

ಅದನ್ನು ಹಿಡಿಯುವುದೇನೂ ಕಷ್ಟವಲ್ಲ. ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೆ 24 ಬಿಟ್ ಎಂದರೆ ಒಂದು ಗಿಟಾರಿಗೆ ನಿಮಿಷಕ್ಕೆ ಸುಮಾರು 8 ಎಂಬಿ. ಹತ್ತು ನಿಮಿಷಕ್ಕೆ 80. ಇವತ್ತಿನ ಯಾವ ಕಂಪ್ಯೂಟರಿಗೂ ಇದು ಭಾರವಲ್ಲ. ತಂತ್ರಾಂಶ ತೆರೆದಿರುವಷ್ಟು ಹೊತ್ತೂ ಕಿವಿಗೊಟ್ಟಿದ್ದು, ಕಳೆದ ಹತ್ತು ನಿಮಿಷವನ್ನು ಸದಾ ಕೈಯಲ್ಲಿ ಹಿಡಿದಿರಲಿ. ‘ಈಗಷ್ಟೇ ನುಡಿಸಿದ್ದು ಬೇಕು’ ಎಂದರೆ ಕೊಡಲಿ. ಕೀಬೋರ್ಡ್ ನುಡಿಸುವವರ ಮಿಡಿ (MIDI) ಸಂಕೇತಗಳಿಗೆ ಕೆಲವು ತಂತ್ರಾಂಶಗಳು ಈ ಉಪಕಾರ ಮಾಡುತ್ತವೆ. ತಂತಿಯವರಿಗೂ ಮಾಡಲಿ.

ಇನ್ನು ಲೇಟೆನ್ಸಿ. ಮೀಟಿದ ಮೇಲೆ ಹೆಡ್‌ಫೋನಿನಲ್ಲಿ ಕೇಳುವವರೆಗಿನ ತಡ. ತಂತ್ರಾಂಶಗಳು ಇದನ್ನು ಬಫರಿನ, ಅಂದರೆ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಮಾದರಿಗಳ, ಲೆಕ್ಕದಲ್ಲಿ ತೋರಿಸುತ್ತವೆ: 128, 256, 1024. ಈ ಅಂಕಿಗಳಿಂದ ಕಿವಿಗೆ ಏನೂ ತಿಳಿಯುವುದಿಲ್ಲ. ಆದರೆ ಇದರೊಳಗೊಂದು ಸೊಗಸಾದ ಲೆಕ್ಕವಿದೆ. 128 ಮಾದರಿಗಳಿಗೆ ಹಿಡಿಯುವ ಹೊತ್ತು 2.9 ಮಿಲಿಸೆಕೆಂಡು. ಗಾಳಿಯಲ್ಲಿ ಸದ್ದು ಒಂದು ಮೀಟರ್ ನಡೆಯಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು ಎಂದಿಟ್ಟುಕೊಂಡರೆ, 128ಕ್ಕೆ ನನ್ನ ಗಿಟಾರ್ ನನ್ನಿಂದ ಎರಡು ಮೀಟರ್ ಆಚೆ ಇದೆ. ಇಷ್ಟಕ್ಕೆ ಕಿವಿ ಹೊಂದಿಕೊಳ್ಳುತ್ತದೆ. 1024 ಇಟ್ಟರೆ ಹದಿನಾರು ಮೀಟರ್! ನಡುಮನೆಯಲ್ಲಿ ಕೂತು ರಸ್ತೆಯಾಚೆಗಿನ ಗಿಟಾರ್ ನುಡಿಸಿದ ಹಾಗೆ. ತಡವನ್ನು ತಂತ್ರಾಂಶ ಮೀಟರಿನಲ್ಲೇ ತೋರಿಸಲಿ. ‘ನಿಮ್ಮ ಗಿಟಾರ್ ಈಗ ನಾಲ್ಕು ಮೀಟರ್ ದೂರದಲ್ಲಿದೆ’ ಎಂದರೆ ಮಗುವಿಗೂ ಅರ್ಥವಾಗುತ್ತದೆ.

ಗುಂಯ್‌ಗುಡುವಿಕೆಯ ವಿಷಯದಲ್ಲಿ ಇನ್ನೂ ನಯವಾದ ಕಿವಿ ಬೇಕು. ನಮ್ಮ ಕರೆಂಟು 50 ಹರ್ಟ್ಸ್. ಮನೆಗೆ ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಎಲೆಕ್ಟ್ರಿಕ್ ಗಿಟಾರಿನಲ್ಲಿ 50, 100, 150ರಲ್ಲಿ ಅದು ಗುನುಗುತ್ತದೆ. ಆ ಜಾಗಗಳನ್ನು ಕತ್ತರಿಸಿಬಿಡುವುದು ಸುಲಭದ ಮದ್ದು. ಆದರೆ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ನೋಡಿ. ಜಿ ಕಾರ್ಡಿಗೆ ಬುನಾದಿಯಾದ ಆ ಸ್ವರ 98 ಹರ್ಟ್ಸ್. 100ರ ಸುತ್ತ ಕತ್ತರಿ ಆಡಿಸಿದರೆ ಗುನುಗಿನ ಜೊತೆ ಜಿ ಕಾರ್ಡಿನ ಕಾಲೂ ಹೋಗುತ್ತದೆ. ನುಡಿಸುವ ಮುಂಚಿನ ಎರಡು ಸೆಕೆಂಡು ಗುನುಗನ್ನಷ್ಟೇ ಕೇಳಿಸಿಕೊಂಡು, ಅದರ ಅಲೆಯನ್ನು ಅಳೆದು, ಅಷ್ಟನ್ನೇ ಕಳೆಯುವ ಜಾಣತನ ಬೇಕು.

ಆದರೆ ಬೆರಳಿನ ಸದ್ದನ್ನು ಮುಟ್ಟಬಾರದು. ಸುರುಳಿ ಸುತ್ತಿದ ದಪ್ಪ ತಂತಿಗಳ ಮೇಲೆ ಎಡಗೈ ಜಾರಿದಾಗ ಬರುವ ಆ ಸಣ್ಣ ಕಿರುಗು, ಮುಂದಿನ ಕಾರ್ಡ್ ಬರುತ್ತಿದೆ ಎಂದು ಒಂದು ಚೂರು ಮೊದಲೇ ಹೇಳಿಬಿಡುತ್ತದೆ. ಅದನ್ನು ತೊಳೆದು ತೆಗೆದ ಮುದ್ರಿಕೆಯಲ್ಲಿ ಸ್ವರವಿರುತ್ತದೆ, ನುಡಿಸಿದವರಿರುವುದಿಲ್ಲ.

ತಾಳದ ಬಯಕೆ ನಮ್ಮ ಕಡೆಯದು. ಕ್ಲಿಕ್ ಟ್ರ್ಯಾಕಿಗೆ 4/4 ಬಿಟ್ಟರೆ ಬೇರೆ ಲೋಕವೇ ಇಲ್ಲ ಎಂಬಂತಿರುತ್ತದೆ. ಐದು, ಏಳು ಎಂದು ಬರೆದು ಕೊಡಬಹುದು, ನಿಜ. ಆದರೆ ಮಿಶ್ರಚಾಪು ಬರೀ ಏಳಲ್ಲ, ಮೂರು ಮತ್ತು ನಾಲ್ಕು. ಖಂಡಚಾಪು ಎರಡು ಮತ್ತು ಮೂರು. ಆ ಮುರಿತದಲ್ಲೇ ನಡಿಗೆಯಿದೆ. ಟಿಕ್ ಟಿಕ್ ಬದಲು ಅಂಗೈ ಪೆಟ್ಟಿನ ಸದ್ದು ಇರಲಿ, ಕಿವಿಯ ಹಿಂದೆ ಸಣ್ಣಗೆ ತಂಬೂರಿ ಇರಲಿ. ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕೇಪೋ ಎರಡನೇ ಫ್ರೆಟ್ಟಿಗೆ ಹೋದರೆ ತಂಬೂರಿಯೂ ಜೊತೆಗೆ ಏರಲಿ.

ಕೊನೆಯದು, ನಿಧಾನ ಮಾಡಿ ಕೇಳುವ ಸೌಕರ್ಯ. ಮದ್ರಾಸಿನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಗಳಿಗೆ ದುಡಿದವರು. 1981ರಲ್ಲಿ ಶಂಕರ್‌ನಾಗ್ ‘ಗೀತಾ’ ಮಾಡಿದಾಗ ಸಂಗೀತ ಅವರದೇ. ನಮ್ಮಂಥ ಮನೆಗಳಲ್ಲಿ, ಎರಡೂ ಭಾಷೆಯವರು ಇವರು ನಮ್ಮವರೆಂದು ಕೂತು ಕೇಳುವ ಹಾಡುಗಳು ಅವು. ಅವನ್ನು ಶ್ರುತಿ ಕೆಡಿಸದೆ ಅರ್ಧ ವೇಗಕ್ಕೆ ಇಳಿಸಿ ಕೇಳಿ. ಹಾಡಿನ ಅಡಿಯಲ್ಲಿ ಬೇಸ್ ಗಿಟಾರ್ ತನ್ನದೇ ಇನ್ನೊಂದು ಹಾಡು ಹೇಳುತ್ತಿರುತ್ತದೆ. ಪಲ್ಲವಿಗೆ ಎದುರುತ್ತರ ಕೊಡುತ್ತದೆ, ಒಮ್ಮೊಮ್ಮೆ ಸುಮ್ಮನಿದ್ದು ಜಾಗ ಬಿಡುತ್ತದೆ. ಅಂಥ ನಾಲ್ಕು ಅಕ್ಷರಕಾಲವನ್ನು ಗುರುತು ಹಾಕಿ ಮತ್ತೆಮತ್ತೆ ತಿರುಗಿಸಿ, ಪಕ್ಕದ ಟ್ರ್ಯಾಕಿನಲ್ಲಿ ನಾನೂ ನುಡಿಸಿ ಹೋಲಿಸುವಂತಿರಬೇಕು. ಕಲಿಯುವುದೂ ಸವಿಯುವುದೂ ಒಂದೇ ಪರದೆಯ ಮೇಲೆ ಆಗಬೇಕು.

ಇಷ್ಟನ್ನು ಕೇಳಿದ ತಂತ್ರಾಂಶದವರು ಇನ್ನೂರು ಗುಂಡಿಗಳ ಫಲಕ ತಂದಿಟ್ಟಾರು. ಬೇಡ. ಪಿಟೀಲು ಮೇಳ, ನೂರು ಬಗೆಯ ಡ್ರಮ್ಮು, ತಾನೇ ಹಾಡು ಕಟ್ಟುವ ಜಾಣತನ ಇವೆಲ್ಲ ಬೇಕಾದವರಿಗೆ ಬೇರೆ ಅಂಗಡಿಗಳಿವೆ. ನನ್ನ ಪರದೆಯಲ್ಲಿ ಒಂದು ದುಂಡು ಗುಂಡಿ, ನಾಲ್ಕು ಟ್ರ್ಯಾಕ್ ಸಾಕು. ‘ನೆಬ್ರಾಸ್ಕ’ಕ್ಕೆ ಸಾಕಾದದ್ದು ನನ್ನ ನಡುಮನೆಗೆ ಸಾಲದೆ? ಐದನೆಯ ಟ್ರ್ಯಾಕ್ ಬೇಕೆಂದು ನಾನು ಹಟ ಹಿಡಿದರೆ, ಮೊದಲ ನಾಲ್ಕರಲ್ಲಿ ಯಾವುದನ್ನು ಬಿಡುತ್ತೀರಿ ಎಂದು ಅದು ನನ್ನನ್ನೇ ಕೇಳಲಿ.