ನಾಲ್ಕು ಪಾಯಿಂಟಿನ ಪ್ರಾಣ

ಕಳೆದ ತಿಂಗಳು ನಮ್ಮ ಭಾನುವಾರದ ಮೇಜಿನ ಮೇಲೆ ಒಂದು ಸಂತೆ ಸುಟ್ಟುಹೋಯಿತು. ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಐದನೇ ಆವೃತ್ತಿ. ನಾನು ಡಿಎಂ, ಅಂದರೆ ಕಥೆಯ ಲೋಕವನ್ನು ನಡೆಸುವವನು. ಉಳಿದ ಐವರು ಒಂದೊಂದು ಪಾತ್ರ ಹೊತ್ತವರು. ಎಲ್ಲರದೂ ಐದನೇ ಲೆವೆಲ್. ಹೊಳೆದಂಡೆಯ ಪೇಟೆಯಲ್ಲಿ, ಸೊಪ್ಪಿನ ಬುಟ್ಟಿಗಳ ಸಾಲಿನ ನಡುವೆ, ಅವರು ವಾರಗಟ್ಟಲೆ ಬೆನ್ನಟ್ಟಿದ್ದ ಮೂವರು ಕೊಲೆಗಡುಕರು ಒಂದೇ ಕಡೆ ಕಣ್ಣಿಗೆ ಬಿದ್ದರು.

"ಫೈರ್‌ಬಾಲ್ ಹಾಕ್ತೀನಿ," ಅಂದ ನಮ್ಮ ಮಂತ್ರವಾದಿ.

"ಸಂತೆ ತುಂಬಿದೆ ಕಣೋ."

"ಗೊತ್ತು. ಆದ್ರೆ ಮೂರೂ ಜನ ಇನ್ನೊಂದ್ಸಲ ಹಿಂಗೆ ಒಟ್ಟಿಗೆ ಸಿಗಲ್ಲ."

ಈ ಮಂತ್ರದ ಲೆಕ್ಕ ಆಡುವವರಿಗೆಲ್ಲ ಬಾಯಿಪಾಠ. 20 ಅಡಿ ತ್ರಿಜ್ಯದ ಬೆಂಕಿ; ಆರು ಮುಖದ 8 ದಾಳ ಹಾಕಿದರೆ ಬಿದ್ದಷ್ಟು ಪೆಟ್ಟು; ಚುರುಕಾಗಿ ಪಕ್ಕಕ್ಕೆ ಹಾರಿದವರಿಗೆ ಅದರ ಅರ್ಧ. 2014ರ ನಿಯಮಪುಸ್ತಕದಲ್ಲಿ 'ಕಾಮನರ್' ಎಂದು ಕರೆದ ಸಾಮಾನ್ಯ ಮನುಷ್ಯನ ಪ್ರಾಣ 4 ಹಿಟ್ ಪಾಯಿಂಟ್. ಎಂಟೂ ದಾಳಗಳಲ್ಲಿ ಒಂದೊಂದೇ ಬಿತ್ತು ಅಂದುಕೊಳ್ಳಿ, ಒಟ್ಟು 8. ಪಕ್ಕಕ್ಕೆ ಹಾರಿದವನಿಗೆ 4. ಅವನಲ್ಲಿದ್ದದ್ದೇ 4. ಬೆಂಕಿ ಎಷ್ಟೇ ಮಂದವಾಗಿರಲಿ, ಜಿಗಿತ ಎಷ್ಟೇ ಚೆನ್ನಾಗಿರಲಿ, ಸೊಪ್ಪು ಮಾರುವ ಅಜ್ಜಿ ಉಳಿಯುವುದಿಲ್ಲ. ಅವಳ ಪಾಲಿಗೆ ದಾಳ ಹಾಕುವ ಅಗತ್ಯವೇ ಇರಲಿಲ್ಲ. ಹನ್ನೊಂದು ಜನ ಹೋದರು.

ಆಮೇಲೆ, ಎಲ್ಲರೂ ಕಾಫಿಗೆ ಎದ್ದಾಗ, ಅವನೇ ಬಂದು ಕೇಳಿದ: "ಆ ಅಜ್ಜಿ ಹೆಸರೇನು?" ನಾನು ಬರೆದಿಟ್ಟಿರಲಿಲ್ಲ.

ಆಟಗಾರರ ಪಾತ್ರಗಳಿಗೂ ಊರಿನ ಮಂದಿಗೂ ನಡುವಿನ ಈ ಅಂತರ ಆಟ ಹುಟ್ಟಿದಂದಿನಿಂದಲೂ ಇದೆ, ಆದರೆ ಹುಟ್ಟಿದಾಗ ಅದರ ಅರ್ಥ ಬೇರೆ ಇತ್ತು. 1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ 'ಚೈನ್‌ಮೇಲ್' ಎಂಬ ಯುದ್ಧದಾಟದ ಪುಸ್ತಕದಲ್ಲಿ ವೀರನನ್ನು ಅಳೆದದ್ದು ಆಳಿನಿಂದ. 'ಹೀರೋ' ಅಂದರೆ ನಾಲ್ಕಾಳಿಗೆ ಸಮ, 'ಸೂಪರ್‌ಹೀರೋ' ಎಂಟಾಳಿಗೆ. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗ ಅದೇ ಅಳತೆ ಉಳಿಯಿತು: ನಾಲ್ಕನೇ ಲೆವೆಲ್ಲಿನ ಯೋಧನ ಬಿರುದು ಹೀರೋ, ಎಂಟನೆಯದರದು ಸೂಪರ್‌ಹೀರೋ. 'ನಾಲ್ಕಾಳಿನ ಕೆಲಸ ಒಬ್ಬನೇ ಮಾಡ್ತಾನೆ' ಅನ್ನುವ ನಮ್ಮ ಮಾತಿನ ಹಾಗೆ. ಅಲ್ಲಿ ಸಾಮಾನ್ಯ ಮನುಷ್ಯ ಅಳೆಯುವ ಸೇರು. ಸೇರು ಚಿಕ್ಕದಾದರೂ ಅದಿಲ್ಲದೆ ರಾಶಿಯ ಲೆಕ್ಕ ಸಿಗುವುದಿಲ್ಲ.

ಮುಂದಿನ ಆವೃತ್ತಿಗಳಲ್ಲಿ ರಾಶಿ ಬೆಳೆಯಿತು, ಸೇರು ಮೂಲೆಗೆ ಬಿತ್ತು. 2000ದ ಮೂರನೇ ಆವೃತ್ತಿಯಲ್ಲಿ ಕಾಮನರ್‌ನ ಪ್ರಾಣ ನಾಲ್ಕು ಮುಖದ ಒಂದು ದಾಳ. ಮನೆಯ ಬೆಕ್ಕು ಪರಚಿ ಪರಚಿ ರೈತನೊಬ್ಬನನ್ನು ಉರುಳಿಸಬಹುದಾದ ಅಂಕಿಗಳು ಅವು. ಐದನೇ ಆವೃತ್ತಿ ತಕ್ಕಮಟ್ಟಿಗೆ ತಿದ್ದಿತು. ವೀರನ ಕವಚದ ಅಂಕಿ ಆಕಾಶಕ್ಕೇರದ ಹಾಗೆ ಮಿತಿ ಹಾಕಿತು. 18ರ ಪ್ಲೇಟ್ ಕವಚಕ್ಕೆ ದೊಣ್ಣೆ ತಾಗಬೇಕಾದರೆ ರೈತನಿಗೆ 20 ಮುಖದ ದಾಳದಲ್ಲಿ 16 ಅಥವಾ ಅದಕ್ಕೂ ಹೆಚ್ಚು ಬೀಳಬೇಕು. ನಾಲ್ಕರಲ್ಲಿ ಒಂದು ಸಲ ಬೀಳುತ್ತದೆ. ಎಂಟು ಜನ ಸುತ್ತುವರಿದರೆ ಒಂದು ಸುತ್ತಿಗೆ ಎರಡು ಏಟು. ವೀರ ಸಾಯುವುದಿಲ್ಲ, ಆದರೆ ಏಟು ಬಿತ್ತೆಂದು ಗೊತ್ತಾಗುತ್ತದೆ.

ಆ ಕವಚದ ಬೆಲೆಯನ್ನೂ ಒಮ್ಮೆ ನೋಡಿ. 1,500 ಚಿನ್ನದ ನಾಣ್ಯ. ಕೂಲಿಯಾಳಿಗೆ ದಿನಕ್ಕೆ 2 ಬೆಳ್ಳಿ ನಾಣ್ಯ, ಹತ್ತು ಬೆಳ್ಳಿಗೆ ಒಂದು ಚಿನ್ನ. 7,500 ದಿನದ ಕೂಲಿ. ಒಂದು ದಿನವೂ ರಜೆಯಿಲ್ಲದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಒಬ್ಬ ಮನುಷ್ಯ ದುಡಿದದ್ದನ್ನು ವೀರ ಮೈಮೇಲೆ ತೊಟ್ಟು ಊರೊಳಗೆ ಬರುತ್ತಾನೆ. ಚಹಾದಂಗಡಿಯವನು ಅವನನ್ನು ಹೇಗೆ ನೋಡಬೇಕು? ಹಿಟ್ ಪಾಯಿಂಟಿಗಿಂತ ಈ ಅಂಕಿ ನನ್ನನ್ನು ಹೆಚ್ಚು ಕಾಡಿದೆ.

ಇದಕ್ಕೆ ಡಿಎಂಗಳು ಸಾಮಾನ್ಯವಾಗಿ ಹೂಡುವ ಉಪಾಯವೊಂದಿದೆ: ಹೋಟೆಲಿನವನನ್ನು ನಿವೃತ್ತ ಮಹಾವೀರ ಮಾಡಿಬಿಡುವುದು. ಆಟಗಾರ ಗಲ್ಲಾದ ಮೇಲೆ ಕೈ ಕುಟ್ಟಿದರೆ ಮುದುಕ ಗೋಡೆಯಿಂದ ಕತ್ತಿ ಇಳಿಸುತ್ತಾನೆ, ಹದಿನೈದನೇ ಲೆವೆಲ್. ನಾನೂ ವರ್ಷಗಟ್ಟಲೆ ಮಾಡಿದ್ದೇನೆ, ಈಗ ಮಾಡುವುದಿಲ್ಲ. ಇದರಿಂದ ಆಟಗಾರ ಕಲಿಯುವುದು ಒಂದೇ: ಕತ್ತಿ ಇರುವವನಿಗೆ ಮರ್ಯಾದೆ ಕೊಡು, ಇಲ್ಲದವನಿಗೆ ಬೇಡ. ಊರಿಗೆ ಊರೇ ಮಾರುವೇಷದ ವೀರರಾದರೆ ಕಾಪಾಡಲು ಯಾರೂ ಉಳಿಯುವುದಿಲ್ಲ.

ಇನ್ನೊಂದು ದಾರಿ ವೀರನನ್ನೇ ಮನುಷ್ಯನಾಗಿ ಉಳಿಸುವುದು. 1978ರ ರೂನ್‌ಕ್ವೆಸ್ಟ್ ಈ ದಾರಿಯ ಹಿರಿಯ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಸ್ಟೀವ್ ಪೆರಿನ್ ಮಧ್ಯಯುಗದ ಕಾಳಗಗಳನ್ನು ಮರುಸೃಷ್ಟಿಸುವ ಬಳಗದಲ್ಲಿ ತಾವೇ ಕತ್ತಿ-ಗುರಾಣಿ ಹಿಡಿದು ಆಡಿದವರು. ಅದು ನಿಯಮಗಳಲ್ಲಿ ಕಾಣುತ್ತದೆ. ಎಷ್ಟು ಯುದ್ಧ ಗೆದ್ದರೂ ದೇಹ ದೇಹವೇ; ಅನುಭವದಿಂದ ಕೈಚಳಕ ಹೆಚ್ಚುತ್ತದೆ, ರಕ್ತ ಹೆಚ್ಚುವುದಿಲ್ಲ. ಪೆಟ್ಟು ತಲೆಗೋ ಹೊಟ್ಟೆಗೋ ಕಾಲಿಗೋ ಎಂದು ದಾಳ ಹೇಳುತ್ತದೆ. ಹಸಿದ ರೈತನ ಭರ್ಜಿ ಒಮ್ಮೆ ಅಪರೂಪದ ಅಂಕಿ ತಂದರೆ ಕವಚವನ್ನೂ ದಾಟುತ್ತದೆ. ಅಲ್ಲಿ ಯಾವ ವೀರನೂ ರೈತನಿಗೆ ಸುಮ್ಮನೆ ಬೆನ್ನು ತೋರಿಸುವುದಿಲ್ಲ. 1981ರ ಕಾಲ್ ಆಫ್ ಕ್ತುಲ್ಹು ಇನ್ನೂ ಮುಂದೆ ಹೋಗಿ ಆಟಗಾರರನ್ನೇ ಗ್ರಂಥಪಾಲಕರು, ಪತ್ರಕರ್ತರು, ವೈದ್ಯರು ಮಾಡಿತು.

ಎರಡೂ ನನಗೆ ಪ್ರಿಯವಾದ ಆಟಗಳು. ಆದರೂ ಬೆಂಕಿ ಉಗುಳುವ ಕೈ ಬೇಕೆಂದು ವಾರವಿಡೀ ಕಾದು ಬರುವ ಗೆಳೆಯರಿಂದ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಹಾಗಾದರೆ ತೂಕ ಎಲ್ಲಿಂದ ಬರಬೇಕು?

ಉತ್ತರ ಸಿಕ್ಕಿದ್ದು ಬಾಲ್ಯದ ಹುಲಿ-ಕುರಿ ಆಟದಲ್ಲಿ. ದೇವಸ್ಥಾನದ ಜಗಲಿಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, 3 ಹುಲಿ 15 ಕುರಿ ಇಟ್ಟು ಆಡುತ್ತಿದ್ದೆವು. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿ ಹುಲಿಯನ್ನು ಎಂದೂ ಕೊಲ್ಲಲಾರದು, ಆ ಆಟದಲ್ಲಿ ಅದಕ್ಕೆ ಹಲ್ಲೇ ಇಲ್ಲ. ಅದು ಮಾಡಬಲ್ಲದ್ದು ಒಂದೇ, ದಾರಿ ಕಟ್ಟುವುದು. ಆದರೂ ಪಳಗಿದ ಕೈಯ ಕುರಿಗಳ ಎದುರು ಹುಲಿ ಆಡಲು ನಾವೆಲ್ಲ ಹೆದರುತ್ತಿದ್ದೆವು.

ಸುಟ್ಟ ಸಂತೆಯ ಮರುದಿನ ಪೇಟೆಯ ಯಾರೂ ವೀರರ ಮೇಲೆ ಕೈಯೆತ್ತಲಿಲ್ಲ. ಬಾಗಿಲು ತೆರೆಯಲಿಲ್ಲ, ಅಷ್ಟೆ. ರೊಟ್ಟಿ ಸಿಗಲಿಲ್ಲ, ಕುದುರೆಗೆ ಹುಲ್ಲು ಸಿಗಲಿಲ್ಲ, ಗಾಯಕ್ಕೆ ಬಟ್ಟೆ ಸಿಗಲಿಲ್ಲ. ಚೀಲದ ತುಂಬ ಚಿನ್ನವಿತ್ತು. ಈಗ ನಾನು ಊರಿನವರಿಗೆ ಒಂದೊಂದು ಚೀಟಿ ಬರೆದಿಡುತ್ತೇನೆ. ಹೆಸರು, ಯಾರಿಗೆ ಏನಾಗಬೇಕು, ಏನನ್ನು ಕೊಡೆನೆನ್ನಬಲ್ಲರು, ಇಷ್ಟೇ. ಹಿಟ್ ಪಾಯಿಂಟ್ ಬರೆಯುವುದಿಲ್ಲ; ಎಲ್ಲರದೂ ನಾಲ್ಕೇ.

ಮೊನ್ನೆ ಆ ಚೀಟಿಗಳನ್ನು ಆಟಗಾರರಿಗೇ ಹಂಚಿದೆ. ಈ ಯೋಚನೆ 1987ರ ಆರ್ಸ್ ಮ್ಯಾಜಿಕಾದ್ದು. ಜೋನಥನ್ ಟ್ವೀಟ್ ಮತ್ತು ಮಾರ್ಕ್ ರೈನ್‌ಹೇಗನ್ ಅದರಲ್ಲಿ ಮಂತ್ರವಾದಿಗಳ ಜೊತೆಗೆ 'ಗ್ರಾಗ್' ಎಂಬ ಕಾವಲಿನ, ಊಳಿಗದ ಮಂದಿಯನ್ನೂ ಇಟ್ಟರು. ಗ್ರಾಗ್‌ಗಳು ಯಾರೊಬ್ಬರ ಸೊತ್ತೂ ಅಲ್ಲ. ಇಂದು ಮಹಾಮಂತ್ರವಾದಿಯಾದವನು ಮುಂದಿನ ಕಥೆಯಲ್ಲಿ ದೀವಟಿಗೆ ಹಿಡಿಯುವ ಆಳಾಗಬಹುದು. ಶಕ್ತಿಯ ಅಂತರವನ್ನು ಒಂದಿಷ್ಟೂ ತಗ್ಗಿಸದೆ ಆಟಗಾರನನ್ನು ಎರಡೂ ದಡದಲ್ಲಿ ನಿಲ್ಲಿಸುವ ಈ ಏರ್ಪಾಟಿಗೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಮಂತ್ರವಾದಿಯ ಕೈಗೆ ಬಂದದ್ದು ಅಂಬಿಗನ ಚೀಟಿ. ಅದರಲ್ಲಿ ಎರಡನೇ ಸಾಲು: ಸೊಪ್ಪಿನಜ್ಜಿಯ ಮಗ. ಆ ಐವರು ವೀರರು ಹೊಳೆ ದಾಟಬೇಕು, ಇರುವುದು ಒಂದೇ ದೋಣಿ, ಒಪ್ಪಬೇಕೋ ಬೇಡವೋ ಎಂದು ಪೇಟೆಯ ಹಿರಿಯರು ಕೂತು ಮಾತಾಡಬೇಕು. ಉಳಿದ ನಾಲ್ವರು ಹೆದರಿಕೆಯನ್ನೂ ಚಿನ್ನವನ್ನೂ ತೂಗಿ ಮಾತಾಡಿದರು. ದಾಟಿಸಿಬಿಡೋಣ, ಊರು ಉಳಿಯಲಿ, ಅಂದರು. ಅವನು ಚೀಟಿಯನ್ನು ಎರಡು ಸಲ ಓದಿಕೊಂಡ. ಅಭ್ಯಾಸಬಲದಿಂದ ದಾಳ ಕೈಗೆತ್ತಿಕೊಂಡು, ಮತ್ತೆ ಮೇಜಿನ ಮೇಲಿಟ್ಟ.

"ನಾನು ದೋಣಿ ಬಿಚ್ಚಲ್ಲ," ಅಂದ.